ಪಿಲಾ ಹೌಸಿಗೆ ಒಂದು ಭಾನುವಾರ

ಸಣ್ಣಜ್ಜ ಊರಿನಿಂದ ಬಂದು ಹದಿನೈದು ದಿನವಾಗಿದ್ದಿತು. ಬಂದದ್ದು ಕಣ್ಣಿನ ಪೊರೆ ತೆಗೆಸುವುದಕ್ಕೆ. ಆ ಕೆಲಸ ಸುಸೂತ್ರವಾಗಿ ಮುಗಿದು, ಕರಿಯ ಕನ್ನಡಕ ಕಳಚಿ, ಡೊಂಬಿವಲಿಯ ನಮ್ಮ ಮನೆಯ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ತಿಥಿ ನಕ್ಷತ್ರಗಳನ್ನು ತಾವೇ ಓದಿಕೊಂಡ ದಿನ ಅವರು ನಮ್ಮೆದುರು ಒಂದು ಬೇಡಿಕೆಯಿಟ್ಟರು.

“ತಮಾ, ಊರಿಗೆ ಹೋಗುವ ಮೊದಲು ಒಂದು ಸಲ ಪಿಲಾ ಹೌಸು ನೋಡಬೇಕು.”

ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು.

ಮುಂಬಯಿಯಲ್ಲಿ ನಾಲ್ಕು ವರ್ಷ ಕಳೆದವರಿಗೆ ಆ ಸದ್ದಿನ ಕಾರಣವನ್ನು ವಿವರಿಸಬೇಕಾಗಿಲ್ಲ. ಕಾಮಾಟಿಪುರದ ಮಗ್ಗುಲಿನ ಆ ಚೌಕದ ಹೆಸರನ್ನು ಸಭ್ಯರು ಸಂಸಾರದ ನಡುವೆ ಎತ್ತುವುದಿಲ್ಲ. ಎಂಬತ್ತೈದು ದಾಟಿದ, ಎರಡು ಹೊತ್ತು ಸಂಧ್ಯಾವಂದನೆ ಬಿಡದ ಹಿರಿಯರು, ಹೊಸ ಕಣ್ಣು ಬಂದ ಕೂಡಲೆ ಮೊಟ್ಟಮೊದಲು ನೋಡಬೇಕೆನ್ನುವುದು ಅದನ್ನೆ! ನಮ್ಮ ಮನೆಯಾಕೆ ರಾತ್ರಿ ನಮ್ಮನ್ನು ಬಾಲ್ಕನಿಗೆ ಕರೆದು, “ಇವರಿಗೆ ಬೇರೆ ಏನಾದರೂ ತೊಂದರೆಯಿದೆಯೋ ಎಂದು ಡಾಕ್ಟರನ್ನು ಕೇಳಿ” ಎಂದಳು.

ಆದರೆ ಹೆಸರಿಗೆ ಅಪವಾದ ಬಂದದ್ದು ಆಮೇಲೆ. ಮೊದಲು ಅದು ‘ಪ್ಲೇ ಹೌಸ್’. ಹತ್ತೊಂಬತ್ತನೆಯ ಶತಮಾನದಲ್ಲಿ ಗ್ರಾಂಟ್ ರೋಡಿನ ಸುತ್ತ ಒಂದರ ಬೆನ್ನಿಗೊಂದು ನಾಟಕಶಾಲೆಗಳು ಎದ್ದವು. ಅವುಗಳ ಇಂಗ್ಲಿಷ್ ಹೆಸರು ಊರ ಜನರ ನಾಲಗೆಯ ಮೇಲೆ ಉರುಳಿ ಉರುಳಿ ಸವೆದು ‘ಪಿಲಾ ಹೌಸ್’ ಆಯಿತು. ಇಷ್ಟನ್ನು ಹೇಳಿದ ಮೇಲೂ ಮನೆಯಾಕೆಗೆ ಪೂರ್ತಿ ನಂಬಿಕೆ ಬರಲಿಲ್ಲ. ಕಡೆಗೆ ಒಂದು ರಾಜಿಯಾಯಿತು. ಮೊದಲು ರಾಯಲ್ ಆಪೆರಾ ಹೌಸ್ ನೋಡುವುದು, ಅದು ಮರ್ಯಾದಸ್ಥರ ಜಾಗ. ಅಲ್ಲಿಂದ ಗ್ರಾಂಟ್ ರೋಡಿನ ಮೇಲೆ ಹಾದು ಪಿಲಾ ಹೌಸನ್ನು ಟ್ಯಾಕ್ಸಿಯಲ್ಲಿ ಕುಳಿತೇ ನೋಡುವುದು. ಕಾವಲಿಗೆ ತಾನೂ ಮಗಳೂ ಜೊತೆಯಲ್ಲಿ ಬರುವುದು.

ಭಾನುವಾರವೆಂದರೆ ಮೆಗಾಬ್ಲಾಕ್ ಇದ್ದದ್ದೇ. ರೈಲು ಅರ್ಧ ತಾಸು ತಡವಾಗಿ ಬಂದಿತು. ಬಂದದ್ದರಲ್ಲಿ ಸಣ್ಣಜ್ಜನಿಗೆ ಕಿಟಕಿಯ ಜಾಗ ಸಿಕ್ಕಿದ್ದು ಅವರ ಪುಣ್ಯ. ಠಾಣೆ ದಾಟುವವರೆಗೆ ಅವರು ಹೊರಗೆ ನೋಡುತ್ತ, ಹಿಂದೆ ಇಲ್ಲಿ ಗದ್ದೆಯಿತ್ತು, ಅಲ್ಲಿ ಕಾರಖಾನೆಯ ಚಿಮಣಿಯಿತ್ತು ಎಂದು ಲೆಕ್ಕ ಹೇಳಿದರು. ಆಮೇಲೆ ನಾವು ನಮ್ಮ ಮೊಬೈಲು ತೆಗೆದು ಅವರಿಗೆ ಕೆಲವು ಚಿತ್ರಗಳನ್ನು ತೋರಿಸಿದೆವು.

ಈ ಚಿತ್ರಗಳ ವಿಷಯವನ್ನು ಇಲ್ಲಿ ಸ್ವಲ್ಪ ಹೇಳಬೇಕು. ನಾವು ಬಿ.ಎ. ತರಗತಿಯಲ್ಲಿ ಯುರೋಪಿನ ಇತಿಹಾಸ ಓದುವಾಗ, ಫ್ರಾನ್ಸಿನ ದೊರೆ ಲೂಯಿ ಫಿಲಿಪ್ಪನ ಪಾಠದಲ್ಲಿ ಒಂದು ವ್ಯಂಗ್ಯಚಿತ್ರವಿದ್ದಿತು. ಬೆಟ್ಟದಂತೆ ಕುಳಿತ ದೊರೆ. ಅವನ ತೆರೆದ ಬಾಯಿಗೆ ಒಂದು ಹಲಗೆಯ ಏಣಿ. ಬಡವರಿಂದ ವಸೂಲಾದ ಹಣವನ್ನು ಬುಟ್ಟಿಗಳಲ್ಲಿ ಹೊತ್ತು ಅದರ ಮೇಲೆ ಹತ್ತುತ್ತಿರುವ ಆಳುಗಳು. ‘ಗಾರ್ಗಾಂತುವಾ’ ಎಂದು ಅದರ ಹೆಸರು. 1831ರ ಕೊನೆಗೆ ಅದನ್ನು ಬರೆದವನು ಒನೊರೆ ದೋಮಿಯೆ ಎಂಬ ಇಪ್ಪತ್ತಮೂರು ವರ್ಷದ ಹುಡುಗ. ಮರುವರ್ಷ ಅದರ ಫಲವಾಗಿ ಅವನು ಆರು ತಿಂಗಳ ಸಜೆಯನ್ನೂ ಅನುಭವಿಸಬೇಕಾಯಿತು. ಪರೀಕ್ಷೆಗೆ ಓದಿದ್ದೆಲ್ಲ ಪರೀಕ್ಷೆಯ ಮರುದಿನವೇ ಮರೆತರೂ ಆ ಚಿತ್ರ ಮರೆಯಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ, ಅವನು ಬಾಲ್ಯದಲ್ಲಿ ಕೋರ್ಟು ಅಮೀನನ ಕಚೇರಿಯಲ್ಲಿ ಕಾಗದ ಹೊತ್ತು ಓಡಾಡುತ್ತಿದ್ದ ಹುಡುಗನೆಂದು ಎಲ್ಲಿಯೋ ಓದಿ, ಫೈಲು ಹೊರುವ ನಮಗೆ ಅವನು ನೆಂಟನೇ ಎನ್ನಿಸಿತು.

1835ರಲ್ಲಿ ದೊರೆಯ ಮೇಲೆ ಕೊಲೆಯ ಪ್ರಯತ್ನ ನಡೆದು, ಆ ನೆಪದಲ್ಲಿ ಸೆಪ್ಟೆಂಬರಿನಲ್ಲಿ ಬಂದ ಕಾಯಿದೆ ಚಿತ್ರಕ್ಕೂ ನಾಟಕಕ್ಕೂ ಒಟ್ಟಿಗೆ ಮುಂಗಡ ಪರವಾನಗಿಯ ಬಾಗಿಲು ಹಾಕಿತು. ರಾಜಕಾರಣ ಮುಟ್ಟುವಂತಿಲ್ಲ. ಹಾಗಾದರೆ ಬರೆಯುವುದೇನು? ಪ್ಯಾರಿಸಿನ ‘ಲ ಶಾರಿವಾರಿ’ ಪತ್ರಿಕೆ ದಿನಕ್ಕೊಂದು ಹೊಸ ಚಿತ್ರವೆಂದು ಓದುಗರಿಗೆ ಮಾತು ಕೊಟ್ಟಿದ್ದಿತು. (ಶಾರಿವಾರಿ ಎಂದರೆ ಪಾತ್ರೆ ಬಡಿದು ಗಲಾಟೆಯೆಬ್ಬಿಸಿ ಗೇಲಿ ಮಾಡುವುದು.) ಅದರ ಸ್ಥಾಪಕ ಷಾರ್ಲ್ ಫಿಲಿಪಾಂ ಮತ್ತು ದೋಮಿಯೆ ಇಬ್ಬರೂ ಸಮಾಜದ ಕಡೆಗೆ ತಿರುಗಿದರು. ನಾಟಕಶಾಲೆಗಿಂತ ಒಳ್ಳೆಯ ಸಮಾಜ ಎಲ್ಲಿ ಸಿಕ್ಕೀತು? ರಂಗದ ಮೇಲೆ ಫ್ರೆಡೆರಿಕ್ ಲೆಮೇತ್ರ್ ಎಂಬ ನಟ ಪ್ರಸಿದ್ಧಿಗೆ ತಂದಿದ್ದ ರೊಬೇರ್ ಮಕೇರ್ ಎಂಬ ಠಕ್ಕನನ್ನೇ ಕಾಗದಕ್ಕೆ ಇಳಿಸಿ, ವಕೀಲ, ವೈದ್ಯ, ಶೇರು ದಲಾಲಿಗಳ ವೇಷ ಹಾಕಿಸಿ ನೂರು ಚಿತ್ರ ಮಾಡಿದರು. ಗಾವಾರ್ನಿಯೆಂಬ ಇನ್ನೊಬ್ಬ ಪರದೆಯ ಹಿಂದಿನ ಲೋಕವನ್ನು ಬರೆದ. ಆದರೆ ನಮಗೆ ಹೆಚ್ಚು ಪ್ರಿಯವಾದದ್ದು ದೋಮಿಯೆ ಬರೆದ ಪ್ರೇಕ್ಷಕರು. ಅಗ್ಗದ ಗ್ಯಾಲರಿಯಲ್ಲಿ ಕಟಕಟೆಯ ಮೇಲೆ ಬಾಗಿ ಕಣ್ಣು ಬಾಯಿ ಬಿಟ್ಟು ಅಳುವ ಜನ. ಚಪ್ಪಾಳೆಗೆ ಕೂಲಿ ಪಡೆದು ಬಂದು ಅಂಗೈ ಸವೆಯುವಂತೆ ತಟ್ಟುವ ಜನ. 1852ರ ಒಂದು ಚಿತ್ರದಲ್ಲಿ ರಂಗದ ಮೇಲೆ ಘೋರ ದುರಂತ ನಾಟಕ ನಡೆಯುತ್ತಿದೆ. ನಮಗೆ ಕಾಣುವುದು ನಟರ ಕಾಲುಗಳು ಮಾತ್ರ. ಕೆಳಗೆ ಕುಳಿತ ವಾದ್ಯದವರೋ, ಒಬ್ಬೊಬ್ಬರೂ ಆಕಳಿಸುತ್ತಿದ್ದಾರೆ, ತೂಕಡಿಸುತ್ತಿದ್ದಾರೆ!

ಸಣ್ಣಜ್ಜ ಈ ಚಿತ್ರವನ್ನು ಕಂಡು ಗಟ್ಟಿಯಾಗಿ ನಕ್ಕರು. “ಮೇಳದಲ್ಲಿ ಬೆಳಗಿನ ಜಾವ ಮೂರು ಗಂಟೆಗೆ ಮದ್ದಳೆಯವನ ಮುಖ ನೋಡಬೇಕು, ಹೀಗೇ” ಎಂದರು. ಮುಂದಿನ ಚಿತ್ರ ಒಬ್ಬ ನಟಿಯದು: ವಯಸ್ಸಾದವಳು, ಹರೆಯದ ಪಾತ್ರ. ಅದನ್ನು ನೋಡಿ ಅವರು ನಗಲಿಲ್ಲ. ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದು, “ತಮಾ, ಹೀಗೆ ಬರೆಸಿಕೊಂಡವರು ಏನೆಂದರಂತೆ?” ಎಂದು ಕೇಳಿದರು.

ನಮಗೆ ಉತ್ತರ ತಿಳಿಯಲಿಲ್ಲ. ಅಷ್ಟರಲ್ಲಿ ದಾದರ್ ಬಂದಿತು.

ಮೇಲ್ಸೇತುವೆ ಹತ್ತಿ ಇಳಿದು, ಪಶ್ಚಿಮ ರೈಲ್ವೆಯ ಗಾಡಿ ಹಿಡಿದು, ಚರ್ನಿ ರೋಡಿನಲ್ಲಿ ಇಳಿದು, ಟ್ಯಾಕ್ಸಿಯಲ್ಲಿ ಆಪೆರಾ ಹೌಸ್ ಮುಟ್ಟಿದೆವು. ಆ ದಿನ ಒಳಗೆ ಯಾವ ಕಾರ್ಯಕ್ರಮವೂ ಇರಲಿಲ್ಲವಾದ್ದರಿಂದ ಹೊರಗಿನಿಂದಲೇ ನೋಡುವುದಾಯಿತು. ಆದರೂ ನೋಡುವುದಕ್ಕೇನೂ ಕಡಮೆಯಿಲ್ಲ. ಬ್ಯಾಂಡ್‌ಮನ್ ಎಂಬ ನಾಟಕದ ವ್ಯಾಪಾರಿಯೂ ಜಹಾಂಗೀರ್ ಫ್ರಾಂಜಿ ಕರಾಕಾ ಎಂಬ ಪಾರಸಿ ಸಾಹುಕಾರರೂ ಸೇರಿ ಕಟ್ಟಿಸಿದ ಈ ಮಂದಿರವನ್ನು 1911ರಲ್ಲಿ, ಕೆಲಸ ಇನ್ನೂ ಪೂರ್ತಿಯಾಗುವ ಮೊದಲೇ, ಐದನೆಯ ಜಾರ್ಜ್ ದೊರೆ ಬಂದು ತೆರೆದುಹೋದ. ಬಾಲಗಂಧರ್ವರು ಇಲ್ಲಿ ಹಾಡಿದರು. ಪೃಥ್ವಿರಾಜ ಕಪೂರರು ಇಲ್ಲಿ ನಾಟಕವಾಡಿದರು. ಆಮೇಲೆ ಸಿನಿಮಾ ಬಂದು, 1952ರಲ್ಲಿ ಗೊಂಡಲಿನ ರಾಜಮನೆತನದವರ ಕೈಗೆ ಸೇರಿ, 1993ರಲ್ಲಿ ಬಾಗಿಲು ಮುಚ್ಚಿ, ಇಪ್ಪತ್ತಮೂರು ವರ್ಷ ಧೂಳು ತಿಂದು, 2016ರಲ್ಲಿ ಮತ್ತೆ ತೆರೆಯಿತು. ಸಣ್ಣಜ್ಜನಿಗೆ ಇದರ ಗ್ಯಾಲರಿಯ ನೆನಪಿದೆ. ಹೋಟೆಲಿನ ಸಂಬಳದಲ್ಲಿ ಕೆಳಗಿನ ಕುರ್ಚಿಯ ಯೋಗ ಅವರಿಗೆ ಎಂದೂ ಬರಲಿಲ್ಲವಂತೆ. ಮಗಳು ಮುಂಭಾಗದ ಗೊಂಬೆಗಳನ್ನು ಎಣಿಸುತ್ತ ನಿಂತಳು. ಕಾವಲುಗಾರ ಸಣ್ಣಜ್ಜನಿಗೆ ತನ್ನ ಸ್ಟೂಲು ಕೊಟ್ಟ. ಮುಂಬಯಿಯನ್ನು ಬೈಯುವವರು ಇಂಥದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅಲ್ಲಿಂದ ಗ್ರಾಂಟ್ ರೋಡು ಬಹಳ ದೂರವಿಲ್ಲ. ಈಗ ಅದು ಮೌಲಾನಾ ಶೌಕತ್ ಅಲಿ ಮಾರ್ಗ. ಊರಿನ ಮೊದಲ ನಾಟಕಶಾಲೆ ಕೋಟೆಯೊಳಗೆ, ಈಗ ಹಾರ್ನಿಮನ್ ಸರ್ಕಲ್ ಇರುವ ಮೈದಾನದಲ್ಲಿದ್ದಿತು. ಆಡಿದವರೂ ನೋಡಿದವರೂ ಇಂಗ್ಲಿಷರೇ. ಅದು ಸಾಲದಲ್ಲಿ ಮುಳುಗಿ 1835ರಲ್ಲಿ ಮಾರಾಟವಾಯಿತು. ಆಮೇಲೆ ಜಗನ್ನಾಥ ಶಂಕರಶೇಟರು ಗ್ರಾಂಟ್ ರೋಡಿನ ತಮ್ಮ ಜಾಗದಲ್ಲಿ ಹೊಸ ನಾಟಕಶಾಲೆಗೆ ಅವಕಾಶ ಮಾಡಿಕೊಟ್ಟರು. 1846ರಲ್ಲಿ ಅದು ತೆರೆಯಿತು. ಸಾಹೇಬರು ಅಷ್ಟು ದೂರ ಬರಲು ಬೇಸರಪಟ್ಟರು, ಊರಿನವರು ತುಂಬಿಕೊಂಡರು. 1853ರಲ್ಲಿ ಅದೇ ರಂಗದ ಮೇಲೆ ಪಾರಸಿ ಹುಡುಗರು ರುಸ್ತುಂ-ಸೊಹ್ರಾಬರ ಕಥೆಯನ್ನು ಆಡಿದರು. ಅದೇ ವರ್ಷ ಸಾಂಗಲಿಯ ವಿಷ್ಣುದಾಸ ಭಾವೆಯವರು ತಮ್ಮ ಮರಾಠಿ ಮೇಳವನ್ನು ಇಲ್ಲಿಗೆ ಕರೆತಂದರು.

ಇಲ್ಲಿ ನಾವು ಸ್ವಲ್ಪ ಎದೆಯುಬ್ಬಿಸಿದರೆ ಓದುಗರು ಕ್ಷಮಿಸಬೇಕು. ಭಾವೆಯವರಿಗೆ ನಾಟಕದ ಹುಚ್ಚು ಹಿಡಿದದ್ದು 1842ರಲ್ಲಿ ಸಾಂಗಲಿಗೆ ಬಂದ ಒಂದು ಕನ್ನಡ ಯಕ್ಷಗಾನ ಮೇಳದಿಂದ. ಅದು ನಮ್ಮ ಹೊನ್ನಾವರ ಸೀಮೆಯ ಕರ್ಕಿಯ ಮೇಳ. ಸಾಂಗಲಿಯ ಅರಸರು ಅದನ್ನು ನೋಡಿ, ಇಂಥದೊಂದು ನಮ್ಮ ಭಾಷೆಯಲ್ಲೂ ಆಗಲಿ ಎಂದರು, ಮರುವರ್ಷ ‘ಸೀತಾ ಸ್ವಯಂವರ’ವಾಯಿತು, ಮರಾಠಿ ರಂಗಭೂಮಿ ಅಲ್ಲಿಂದ ಲೆಕ್ಕ. ಸಂಗೀತ ನಾಟಕದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದೂ ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅತ್ತ ಪಾರಸಿ ಕಂಪನಿಗಳ ಬಣ್ಣದ ಪರದೆ, ಸೀನು ಸೀನರಿಗಳು ನಮ್ಮ ಕನ್ನಡ ಕಂಪನಿಗಳಿಗೆ ಬಂದವು. ಕೊಟ್ಟು ತೆಗೆದುಕೊಳ್ಳುವ ವ್ಯವಹಾರದಲ್ಲಿ ಯಾರೂ ಸಾಲಗಾರರಾಗಿ ಉಳಿದಿಲ್ಲ. ನಮ್ಮ ಕಚೇರಿಯ ಮರಾಠಿ ಗೆಳೆಯರು ನಾಟಕದ ಮಾತೆತ್ತಿದಾಗ ನಾವು ಕರ್ಕಿಯ ಹೆಸರು ಹೇಳದೆ ಬಿಡುವುದಿಲ್ಲ. ಅವರೂ ಈಗ ಅಭ್ಯಾಸವಾಗಿ, ನಾವು ಬಾಯಿ ತೆರೆಯುವ ಮೊದಲೇ “ಹೋ, ಹೋ, ಕರ್ಕಿ” ಎಂದುಬಿಡುತ್ತಾರೆ.

ಚಿತ್ರದವರೂ ಹಿಂದೆಯೇ ಬಂದರು. ಪ್ಯಾರಿಸಿನ ಶಾರಿವಾರಿಯನ್ನು ನೋಡಿ ಲಂಡನ್ನಿನವರು 1841ರಲ್ಲಿ ‘ಪಂಚ್’ ಪತ್ರಿಕೆ ತೆಗೆದು, ‘ಲಂಡನ್ ಶಾರಿವಾರಿ’ ಎಂದು ಉಪನಾಮವಿಟ್ಟುಕೊಂಡರು. ಅದನ್ನು ನೋಡಿ 1854ರಲ್ಲಿ ಮುಂಬಯಿಯ ಪಾರಸಿಗಳು ‘ಪಾರಸಿ ಪಂಚ್’ ತೆಗೆದರು. ಮುಂದೆ ಅದು ‘ಹಿಂದಿ ಪಂಚ್’ ಆಗಿ ಬರ್ಜೋರ್ಜಿ ನವರೋಜಿಯವರ ಕೈಯಲ್ಲಿ ಬಹುಕಾಲ ಬಾಳಿತು. ಗ್ರಾಂಟ್ ರೋಡಿನಲ್ಲಿ ಪಾರಸಿ ನಾಟಕ ಹುಟ್ಟಿದ ಮರುವರ್ಷವೇ ಪಾರಸಿ ವ್ಯಂಗ್ಯಪತ್ರಿಕೆಯೂ ಹುಟ್ಟಿತೆಂಬುದನ್ನು ಗಮನಿಸಬೇಕು. ನಮ್ಮ ಬೆಂಗಳೂರಿನಲ್ಲಿ 1942ರಲ್ಲಿ ರಾ. ಶಿ.ಯವರು ಹೊರಡಿಸಿದ ‘ಕೊರವಂಜಿ’ಯೂ ಇದೇ ಬಳ್ಳಿಯ ಕಾಯಿ. ಅದರಲ್ಲಿ ಚಿತ್ರ ಬರೆದ ಮೈಸೂರಿನ ಆರ್. ಕೆ. ಲಕ್ಷ್ಮಣರು ಮುಂದೆ ಬೋರಿಬಂದರಿನೆದುರಿನ ಟೈಮ್ಸ್ ಕಟ್ಟಡದಲ್ಲಿ ಕುಳಿತು ಊರಿಗೇ ಕನ್ನಡಿ ಹಿಡಿದರು.

ಬಿಸಿಲೇರಿತು. ಸ್ಟೇಶನ್ನಿನ ಬಳಿ ಒಂದು ಇರಾಣಿ ಹೋಟೆಲು ಕಂಡಿತು. ಒಳಗೆ ಹೋಗಿ ಕುಳಿತೆವು. ಬನ್ನು ಮಸ್ಕಾ ಬಂದಿತು, ಚಹಾ ಬಂದಿತು. ಸಣ್ಣಜ್ಜ ಚಹಾವನ್ನು ಬಸಿಗೆ ಹೊಯ್ದುಕೊಂಡು ಆರಿಸುತ್ತಿದ್ದರು. ಮಗಳು ಮೊಬೈಲಿನ ಚಿತ್ರಗಳನ್ನು ತಿರುವುತ್ತ, “ಇದರ ಕೆಳಗೆ ಏನು ಬರೆದಿದೆ, ಅಪ್ಪ?” ಎಂದಳು.

ಫ್ರೆಂಚ್ ನಮಗೆ ಬಾರದು. ಬಾರದ್ದನ್ನು ಮುಚ್ಚಿಕೊಳ್ಳುವುದಕ್ಕೆ ಬರುವುದನ್ನು ಹೇಳುವುದು ಪದವೀಧರರ ಹಳೆಯ ಉಪಾಯ. ನಾವು ಕಲ್ಲಚ್ಚಿನ ಕಥೆ ಹೇಳತೊಡಗಿದೆವು. ಜರ್ಮನಿಯ ಸೆನೆಫೆಲ್ಡರ್ ಎಂಬವನು ನಟನ ಮಗ. ತಾನೇ ನಾಟಕ ಬರೆದು, ಅಚ್ಚು ಮಾಡಿಸಲು ಹಣವಿಲ್ಲದೆ, ಅಗ್ಗದ ದಾರಿ ಹುಡುಕುತ್ತಿದ್ದ. ಒಂದು ದಿನ ಮಡಿವಾಳರಿಗೆ ಹಾಕುವ ಬಟ್ಟೆಯ ಲೆಕ್ಕ ಬರೆದುಕೊಳ್ಳಲು ಕಾಗದ ಸಿಗದೆ, ಕೈಗೆ ಸಿಕ್ಕ ನುಣುಪು ಕಲ್ಲಿನ ಮೇಲೆ ಬರೆದನಂತೆ. ಅಲ್ಲಿಂದ ಮೊದಲಾಗಿ 1790ರ ದಶಕ ಮುಗಿಯುವುದರೊಳಗೆ ಕಲ್ಲಚ್ಚು ಸಿದ್ಧವಾಯಿತು. ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆಯಬೇಕು. ಕಲ್ಲನ್ನು ನೀರಿನಿಂದ ಒರಸಬೇಕು. ಮೇಲೆ ಮಸಿ ಉರುಳಿಸಿದರೆ ಜಿಡ್ಡಿದ್ದಲ್ಲಿ ಹಿಡಿಯುತ್ತದೆ, ನೀರಿದ್ದಲ್ಲಿ ಹಿಡಿಯುವುದಿಲ್ಲ. ಕೆತ್ತುವ ಕೆಲಸವಿಲ್ಲ. ಆದ್ದರಿಂದಲೇ ದೋಮಿಯೆ ಜೀವಮಾನದಲ್ಲಿ ನಾಲ್ಕು ಸಾವಿರದಷ್ಟು ಚಿತ್ರ ಬರೆಯಲು ಸಾಧ್ಯವಾಯಿತು. ನಮ್ಮ ಹೋಟೆಲುಗಳ ಗಲ್ಲಾದ ಮೇಲಿನ ಲಕ್ಷ್ಮೀ ಸರಸ್ವತಿಯರೂ ಕಲ್ಲಿನಿಂದಲೇ ಇಳಿದು ಬಂದವರು. ರವಿವರ್ಮರ ಅಚ್ಚುಕೂಟ 1894ರಲ್ಲಿ ಮೊದಲಾದದ್ದು ಈ ಮುಂಬಯಿಯಲ್ಲೇ.

“ಅದಲ್ಲ, ಕೆಳಗೆ ಬರೆದದ್ದು?” ಎಂದಳು ಮಗಳು. ಮಕ್ಕಳು ಬಿಡುವುದಿಲ್ಲ.

“ಕೆಳಗಿನದು ಚಿತ್ರದವನು ಬರೆದದ್ದಲ್ಲ, ಪುಟ್ಟಿ. ದೋಮಿಯೆ ಚಿತ್ರ ಮಾತ್ರ ಬರೆದು ಕೊಡುತ್ತಿದ್ದ. ಅಡಿಯ ಮಾತನ್ನು ಹೆಚ್ಚಾಗಿ ಪತ್ರಿಕೆಯವರೇ ಸೇರಿಸುತ್ತಿದ್ದರು.”

ಸಣ್ಣಜ್ಜ ಬಸಿಯನ್ನು ಮೇಜಿನ ಮೇಲಿಟ್ಟರು. “ಏನೆಂದೆ?”

ನಾವು ಮತ್ತೆ ಹೇಳಿದೆವು.

“ಹಾಗಾದರೆ ಅಣ್ಣ ಹೇಳಿದ್ದು ನಿಜವಿದ್ದರೂ ಇರಬಹುದು” ಎಂದರು. ಅಣ್ಣ ಎಂದರೆ ನಮ್ಮ ಅಜ್ಜ. ತೀರಿಕೊಂಡು ಹನ್ನೊಂದು ವರ್ಷವಾಯಿತು.

ಕಥೆ ಬಿಡಿಬಿಡಿಯಾಗಿ ಬಂದಿತು. 1955ರಲ್ಲಿ ಸಣ್ಣಜ್ಜ ಹದಿನೈದು ವರ್ಷದವರಾಗಿ ಮುಂಬಯಿಗೆ ಬಂದರು. ಹಗಲು ಕೋಟೆಯ ಒಂದು ಹೋಟೆಲಿನಲ್ಲಿ ಟೇಬಲು ಒರಸುವುದು, ರಾತ್ರಿ ಕನ್ನಡ ಶಾಲೆ. ಅಣ್ಣತಮ್ಮಂದಿರಿಗೆ ಒಂದೇ ಖೋಲಿ. ರಾತ್ರಿಶಾಲೆಯ ಹುಡುಗರು ವರ್ಷಕ್ಕೊಂದು ನಾಟಕವಾಡುತ್ತಿದ್ದರು. ಹೆಂಗಸರ ಪಾತ್ರಕ್ಕೂ ಹುಡುಗರೇ. ಸಣ್ಣಜ್ಜನದು ದ್ರೌಪದಿ. ಕಂಠ ಚೆನ್ನಾಗಿತ್ತು, ಮೈಕಟ್ಟು ಸಣ್ಣದು. ಸೀರೆಯುಟ್ಟು ‘ಕೃಷ್ಣಾ’ ಎಂದು ಕೂಗಿದರೆ ಕ್ಯಾಂಟೀನಿನ ಮಾಲಿಕರೂ ಕಣ್ಣೊರಸಿಕೊಳ್ಳುತ್ತಿದ್ದರಂತೆ. 1962ರಲ್ಲಿ ಹುಡುಗರು ಒಂದು ಸೈಕ್ಲೋಸ್ಟೈಲ್ ಪತ್ರಿಕೆ ಹೊರಡಿಸಿದರು. ನಮ್ಮ ಅಜ್ಜನಿಗೆ ಚಿತ್ರದ ಕೈಯಿದ್ದಿತು. ಮೇಣದ ಕಾಗದದ ಮೇಲೆ ಮೊಳೆಯಂಥ ಕಡ್ಡಿಯಲ್ಲಿ ತಮ್ಮನ ಚಿತ್ರ ಬರೆದುಕೊಟ್ಟರು: ದುಶ್ಶಾಸನ ಸೀರೆ ಸೆಳೆಯುತ್ತಿದ್ದಾನೆ, ದ್ರೌಪದಿ ಒಂದು ಕೈ ಮೇಲೆತ್ತಿ ಬಾಯಿ ತೆರೆದು ಕೂಗುತ್ತಿದ್ದಾಳೆ, ಹೆಗಲ ಮೇಲೆ ಟೇಬಲು ಒರಸುವ ಬಟ್ಟೆ. ಪತ್ರಿಕೆ ಹೊರಗೆ ಬಂದಾಗ ಅಡಿಯಲ್ಲಿ ಒಂದು ಮಾತಿದ್ದಿತು: ‘ಎರಡು ಇಡ್ಲಿ, ಒಂದು ವಡೆ!’

ನಮಗೆ ನಗು ಬಂದಿತು. ಮನೆಯಾಕೆ ಮೇಜಿನ ಕೆಳಗೆ ನಮ್ಮ ಕಾಲು ತುಳಿದಳು.

ಮರುವರ್ಷದ ನಾಟಕದಲ್ಲಿ ವಸ್ತ್ರಾಪಹರಣದ ದೃಶ್ಯ ಬಂದಿತು. ದ್ರೌಪದಿ ಕೈಯೆತ್ತಿದ್ದೇ ತಡ, ಹಿಂದಿನ ಸಾಲಿನಿಂದ ಯಾರೋ ‘ಎರಡು ಇಡ್ಲಿ’ ಎಂದರು. ‘ಒಂದು ವಡೆ’ ಎಂದು ಇಡೀ ಸಭೆ ಪೂರೈಸಿತು. ಸಣ್ಣಜ್ಜ ಕೈ ಇಳಿಸಿ ಒಳಗೆ ನಡೆದರು. ಪರದೆ ಹಾಕಬೇಕಾಯಿತು. ಆ ರಾತ್ರಿ ಅಣ್ಣ, “ಚಿತ್ರ ಮಾತ್ರ ನನ್ನದು, ಮಾತು ನನ್ನದಲ್ಲ” ಎಂದರು. ತಮ್ಮ ನಂಬಲಿಲ್ಲ. ಹದಿನೆಂಟು ದಿನ ಒಂದೇ ಖೋಲಿಯಲ್ಲಿ ಮಾತಿಲ್ಲದೆ ಇದ್ದರು. ಆಮೇಲೆ ಮಾತು ಬಂದಿತು. ಮದುವೆ, ಮುಂಜಿ, ಜಮೀನು, ಎಲ್ಲದರ ಮಾತೂ ಬಂದಿತು. ಅದೊಂದರ ಮಾತು ಮಾತ್ರ ಬರಲಿಲ್ಲ. ಸಣ್ಣಜ್ಜ ಮತ್ತೆ ಬಣ್ಣ ಹಚ್ಚಲಿಲ್ಲ. ನಮ್ಮ ಅಜ್ಜ ಚಿತ್ರ ಬರೆಯುತ್ತಿದ್ದರೆಂಬುದು ನಮಗೆ ತಿಳಿದದ್ದೇ ಆ ಇರಾಣಿ ಹೋಟೆಲಿನಲ್ಲಿ.

“ನೀವು ಅಜ್ಜನನ್ನು ಮತ್ತೊಮ್ಮೆ ಕೇಳಬಹುದಾಗಿತ್ತು” ಎಂದೆವು.

“ಕೇಳಿದರೆ ಅವನು ನಿಜ ಹೇಳುತ್ತಿದ್ದ. ಅದಕ್ಕೇ ಕೇಳಲಿಲ್ಲ” ಎಂದರು ಸಣ್ಣಜ್ಜ. ಈ ಮಾತಿನ ಅರ್ಥ ನಮಗೆ ಇನ್ನೂ ಪೂರ್ತಿ ಆಗಿಲ್ಲ.

ಟ್ಯಾಕ್ಸಿಯವನಿಗೆ ಪಿಲಾ ಹೌಸ್ ಎಂದಾಗ ಅವನು ಕನ್ನಡಿಯಲ್ಲಿ ನಮ್ಮ ನಾಲ್ವರನ್ನೂ ಒಂದೊಂದಾಗಿ ನೋಡಿದ. ಚೌಕ ಬಂದಿತು. ಹಿಂದೆ ರಿಪನ್ ಥಿಯೇಟರ್ ಎಂಬ ನಾಟಕಶಾಲೆಯಾಗಿದ್ದು ಆಮೇಲೆ ಸಿನಿಮಾಮಂದಿರವಾದ ಆಲ್‌ಫ್ರೆಡ್ ಟಾಕೀಸು. ಎದುರು ಬದುರು ರಾಯಲ್, ಗುಲ್‌ಷನ್ ಎಂಬ ಹೆಸರುಗಳು. ಹಳೆಯ ಬಾಲ್ಕನಿ, ಮಸಿ ಹಿಡಿದ ಕಂಬ, ಕೈಗಾಡಿ, ಅತ್ತರಿನ ಅಂಗಡಿ. ಒಪ್ಪಂದದ ಪ್ರಕಾರ ಕೆಳಗೆ ಇಳಿಯುವಂತಿರಲಿಲ್ಲ. ಆದರೆ ಸಣ್ಣಜ್ಜ ಬಾಗಿಲು ತೆಗೆದೇಬಿಟ್ಟರು. ಮನೆಯಾಕೆಯೇ ಮೊದಲು ಇಳಿದು ಅವರ ಕೈ ಹಿಡಿದಳು. ಮುಂಬಯಿಗೆ ಬಂದ ಮೊದಲ ವಾರ ಅಣ್ಣ ಅವರನ್ನು ಸಿನಿಮಾಕ್ಕೆ ಕರೆತಂದದ್ದು ಇಲ್ಲಿಗೆ. ಯಾವ ಮಂದಿರ, ಯಾವ ಚಿತ್ರ ಎಂಬುದು ನೆನಪಿಲ್ಲ. ಜೇಬಿನಲ್ಲಿದ್ದ ಹಣ ಒಂದೇ ಟಿಕೆಟಿಗೆ ಸಾಲುತ್ತಿದ್ದಿತು. ಅಣ್ಣ ತಮ್ಮನನ್ನು ಒಳಗೆ ಕಳಿಸಿ, ತಾನು ಹೊರಗೆ ಪೋಸ್ಟರು ನೋಡುತ್ತ ಮೂರು ತಾಸು ನಿಂತಿದ್ದನಂತೆ.

“ಎಲ್ಲಿ ನಿಂತಿದ್ದ ಎಂಬುದು ನೆನಪಿದೆ” ಎಂದು ಒಂದು ಕಂಬ ತೋರಿಸಿದರು. ಕಂಬಗಳು ಹಲವಿದ್ದವು. ಅವರಿಗೆ ಅದೇ ಎಂದು ಹೇಗೆ ಗೊತ್ತಾಯಿತೋ! ಹೊಸ ಕಣ್ಣಿನಿಂದ ಅದನ್ನು ಐದು ನಿಮಿಷ ನೋಡಿದರು. ಟ್ಯಾಕ್ಸಿಯವನೂ ಹಾರನ್ನು ಬಾರಿಸದೆ ಕಾದ.

ಮುಪ್ಪಿನಲ್ಲಿ ದೋಮಿಯೆಯ ಕಣ್ಣೂ ಹೋಗಿದ್ದಿತು; 1879ರಲ್ಲಿ ತೀರಿಕೊಳ್ಳುವ ಮೊದಲ ಕೆಲವು ವರ್ಷ ಅವನಿಗೆ ಹೆಚ್ಚುಕಡಮೆ ಏನೂ ಕಾಣುತ್ತಿರಲಿಲ್ಲ. ಹಿಂದಿರುಗುವ ರೈಲಿನಲ್ಲಿ ಇದನ್ನು ಹೇಳೋಣವೆಂದುಕೊಂಡೆವು. ಸಣ್ಣಜ್ಜ ಮಗಳ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದರು.

ಅವರು ಊರಿಗೆ ಹೋಗಿ ಮೂರು ವಾರಕ್ಕೆ ನಮಗೊಂದು ದಪ್ಪ ಲಕೋಟೆ ಬಂದಿತು. ಒಳಗೆ ಸೈಕ್ಲೋಸ್ಟೈಲಿನ ಒಂದು ಹಾಳೆ. ಮಡಿಕೆಯಲ್ಲಿ ಹರಿದಿದೆ, ಮಸಿ ಕಂದಾಗಿದೆ. ಅರುವತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಟ್ರಂಕಿನಲ್ಲಿ ಇಟ್ಟುಕೊಂಡಿದ್ದರು. ಚಿತ್ರ ನಿಜಕ್ಕೂ ಚೆನ್ನಾಗಿದೆ. ದುಶ್ಶಾಸನನ ಹೊಟ್ಟೆ, ದ್ರೌಪದಿಯ ಬೆರಳುಗಳು, ಎಲ್ಲವೂ ನಾಲ್ಕೇ ಗೆರೆಯಲ್ಲಿ ಬಂದಿವೆ. ಮುಖದಲ್ಲಿ ಗೇಲಿಯಿಲ್ಲ, ಅಳುವಿದೆ. ಅಡಿಬರಹದ ಅಕ್ಷರ ಅಜ್ಜನದೋ ಅಲ್ಲವೋ ಎಂದು ಅವರ ಹಳೆಯ ಪತ್ರಗಳೊಡನೆ ಹೋಲಿಸಿ ನೋಡೋಣವೆಂದು ನಾವು ಪೆಟ್ಟಿಗೆಗೆ ಕೈಹಾಕಿದೆವು. ಮನೆಯಾಕೆ, “ಅದು ನಿಮ್ಮ ಕೆಲಸವಲ್ಲ” ಎಂದಳು. ಸುಮ್ಮನಾದೆವು.

ಈ ಲೇಖನವನ್ನು ಫೋನಿನಲ್ಲಿ ಸಣ್ಣಜ್ಜನಿಗೆ ಓದಿ ಹೇಳಿದ್ದೇವೆ. ಕರ್ಕಿಯ ಭಾಗವನ್ನು ಎರಡು ಸಲ ಓದಿಸಿದರು. ಚಿತ್ರವನ್ನು ಪತ್ರಿಕೆಗೆ ಕಳಿಸಲು ಒಪ್ಪಿ, ಕೆಳಗೆ ಅಣ್ಣನ ಹೆಸರು ಹಾಕಬೇಕೆಂದರು. ಅಡಿಬರಹ ಬೇಡವೆಂದರು. “ಲೇಖನದೊಳಗೆ ಅದು ಬಂದೇ ಇದೆಯಲ್ಲ, ಸಣ್ಣಜ್ಜ” ಎಂದೆವು.

“ನೀನು ಬರೆದದ್ದು ಅಲ್ಲಿರಲಿ. ಚಿತ್ರದ ಕೆಳಗೆ ಬೇಡ” ಎಂದರು.

ಸಂಪಾದಕರು ಹಾಗೆಯೇ ನಡೆಸಿಕೊಡಬೇಕಾಗಿ ವಿನಂತಿ.